ಏಳು ವರ್ಷಕ್ಕೊಮ್ಮೆ ಬರುವ ನೆಂಟ

ಒಂದೂವರೆ ಇಂಚು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಹೇಳುತ್ತೇನೆ. ಆ ವಾರ ಟಿ.ವಿ.ಯಲ್ಲಿ ಉತ್ತರದ ಕಡೆಯ ಕೋಟುಧಾರಿಯೊಬ್ಬ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಷ್ಟು ಜಾಗ ಬಿಟ್ಟು ತೋರಿಸಿ, “ಇಷ್ಟು ಹಿಮಕ್ಕೆ ಇಡೀ ಅಲಬಾಮಾ ಬಾಗಿಲು ಹಾಕಿಕೊಂಡು ಕೂತಿದೆ” ಎಂದು ಹಲ್ಲು ಕಿರಿದ. ನಾನು ಕಾಲಲ್ಲಿದ್ದ ಚಪ್ಪಲಿ ತೆಗೆದು ಎಸೆದೆ. ಟಿ.ವಿ. ಒಡೆಯಲಿಲ್ಲ. ನನ್ನ ಗುರಿ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಅವನ ಮೇಲಿನ ಸಿಟ್ಟಿಗೆ ಇದನ್ನು ಬರೆಯುತ್ತಿಲ್ಲ. ಓಥಾ ಪೆಟಿಗ್ರೂನ ವಿಷಯ ಯಾರಾದರೂ ಹೇಳಬೇಕು. ಅವನಂತೂ ಹೇಳುವ ಪೈಕಿ ಅಲ್ಲ.

ಓಥಾ ಅಲಬಾಮಾದ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದವನು, ಈಚಿನ ಹತ್ತು ವರ್ಷ ಮೇಸ್ತ್ರಿ. ರಸ್ತೆ ಬದಿಯ ಹುಲ್ಲು ಕತ್ತರಿಸುವುದು, ಗುಂಡಿ ಮುಚ್ಚುವುದು, ಬಿರುಗಾಳಿಗೆ ಬಿದ್ದ ಪೈನ್ ಮರ ಕೊಯ್ದು ಎಳೆಯುವುದು, ಲಾರಿಗೆ ಸಿಕ್ಕಿ ಸತ್ತ ಜಿಂಕೆಯನ್ನು ಹೊತ್ತು ಹಾಕುವುದು, ಎಲ್ಲ ಅವನ ಕೆಲಸವೇ. ಅವನನ್ನು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋಗುವುದು ಒಂದು ಶಿಕ್ಷೆ. “ಈ ಮೋರಿ ನಾನು ಹಾಕಿದ್ದು, ಅದೋ ಆ ಮೋರಿ ಯಾವನೋ ಕತ್ತೆ ಹಾಕಿದ್ದು” ಎಂದು ದಾರಿಯುದ್ದಕ್ಕೂ ಲೆಕ್ಕ ಒಪ್ಪಿಸುತ್ತಿದ್ದ. ಒಂದು ಭಾನುವಾರ ನಮ್ಮ ಪಾದ್ರಿ ಸ್ವರ್ಗಕ್ಕೆ ಹೋಗುವ ಇಕ್ಕಟ್ಟಾದ ದಾರಿಯ ಬಗ್ಗೆ ಮುಕ್ಕಾಲು ಗಂಟೆ ಬೋಧಿಸಿದಾಗ, ಓಥಾ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ್ದು ಇಷ್ಟೇ: “ಎಷ್ಟೇ ಇಕ್ಕಟ್ಟಾಗ್ಲಿ ಅಕ್ಕ, ಪಕ್ಕದಲ್ಲಿ ಚರಂಡಿ ಇಲ್ದಿದ್ರೆ ಎರಡು ಮಳೆಗೆ ಕೊಚ್ಚಿಹೋಗುತ್ತೆ.”

ಅವನ ಹೆಂಡತಿ ವರ್ಡೆಲ್ ನನ್ನ ಬಾಲ್ಯದ ಗೆಳತಿ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಶಿಕ್ಷಕಿಯ ಕೈಲಿ ಏಟು ತಿಂದವರು ನಾವು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬಡಿಸಿದಳು. ಊರಿನಲ್ಲಿ ಮೂವತ್ತು ದಾಟಿದ ಯಾರನ್ನು ಕೇಳಿದರೂ ಅವಳ ಜೋಳದ ರೊಟ್ಟಿಯ ರುಚಿ ಹೇಳುತ್ತಾರೆ. ಸಕ್ಕರೆ ಕಾಯಿಲೆ ಅವಳ ಎರಡೂ ಮೂತ್ರಪಿಂಡಗಳನ್ನು ತಿಂದು ಹಾಕಿತು. ಮಕ್ಕಳಿಲ್ಲ. ಇದ್ದದ್ದು ಓಥಾ, ನಾನು, ಮತ್ತೆ ಮೂವತ್ತೆಂಟು ಮೈಲಿ ದೂರದಲ್ಲಿ ಅವಳ ರಕ್ತ ತೊಳೆಯುವ ಯಂತ್ರ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ವಾರದ ದಿನಗಳಲ್ಲಿ ಬೆಳಗ್ಗೆ ನಾನು ಬಿಟ್ಟುಬರುತ್ತಿದ್ದೆ, ಮಧ್ಯಾಹ್ನ ಓಥಾ ಕರೆತರುತ್ತಿದ್ದ. ಶನಿವಾರ ಎರಡೂ ಅವನದೇ. ಐದು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ.

ಡಾಕ್ಟರು ಮೊದಲ ದಿನವೇ ಖಂಡಿತವಾಗಿ ಹೇಳಿದ್ದರು: “ಒಂದು ಸರದಿ ತಪ್ಪಿದ್ರೆ ಬಾಯಿ ಕಟ್ಟಿ ಹೇಗೋ ತಳ್ಳಬಹುದು. ಎರಡು ತಪ್ಪಿದ್ರೆ ನನ್ನ ಕೇಳ್ಬೇಡಿ.” ಬಾಯಿ ಕಟ್ಟುವುದೆಂದರೆ ಬಾಳೆಹಣ್ಣಿಲ್ಲ, ಆಲೂಗಡ್ಡೆಯಿಲ್ಲ, ಟೊಮೆಟೊ ಇಲ್ಲ, ಹಾಲು ಇಲ್ಲವೇ ಇಲ್ಲ. ನೀರು ಇಡೀ ದಿನಕ್ಕೆ ನಾಲ್ಕು ಲೋಟ. ಆಗಸ್ಟ್ ತಿಂಗಳ ಸೆಕೆಯಲ್ಲಿ ನಾಲ್ಕು ಲೋಟ ನೀರು! ಬಾಯಾರಿ ತಡೆಯದಾದಾಗ ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು.

ಇನ್ನು ಆ ಯಂತ್ರದ ವಿಷಯ. ಡಯಾಲಿಸಿಸ್ಸಿನದಲ್ಲ, ಉಪ್ಪಿನದು.

ನಮ್ಮ ಕೌಂಟಿಗೆ ಹಿಂದೊಮ್ಮೆ ದೊಡ್ಡ ಮಂಜುಗಡ್ಡೆಯ ಮಳೆ ಬಂದು ಕಂಬ, ಮರ, ಮನೆ ಎಲ್ಲ ಮುರಿದಿದ್ದವು. ಆ ಹೆದರಿಕೆಯ ಬಿಸಿಯಲ್ಲಿ, ಮಂಜು ಕರಗಲೆಂದು ಲಾರಿಯ ಹಿಂದೆ ಕಟ್ಟಿ ರಸ್ತೆಗೆ ಉಪ್ಪು ಎರಚುವ ಯಂತ್ರವೊಂದನ್ನು ತಂದರು. ತಂದದ್ದೇ ಬಂತು. ಹನ್ನೊಂದು ವರ್ಷ ಶೆಡ್ಡಿನಲ್ಲಿ ನಿಂತಿತು, ಎರಡೇ ಸಲ ಹೊರಗೆ ಬಂತು. ಒಳಗೆ ಕಣಜದ ಹುಳ ಗೂಡು ಕಟ್ಟಿದವು. ನಮ್ಮ ಊರಿನ ತೇವದ ಗಾಳಿಗೆ ಉಪ್ಪು ಚೀಲದಲ್ಲೇ ಕಲ್ಲಾಯಿತು. ಮೂರು ವರ್ಷದ ಹಿಂದೆ ಕೌಂಟಿ ಸಭೆಯಲ್ಲಿ ಪ್ರಶ್ನೆ ಬಂತು: ಇದನ್ನು ಇಟ್ಟುಕೊಳ್ಳೋಣವೋ, ಹರಾಜು ಹಾಕಿ ಹುಲ್ಲು ಕತ್ತರಿಸುವ ಹೊಸ ಯಂತ್ರ ತರೋಣವೋ? ಮೇಸ್ತ್ರಿ ಏನಂತಾನೆ?

ಓಥಾ ಟೋಪಿ ಕೈಲಿ ಹಿಡಿದು ಎದ್ದು ನಿಂತ. ನಾನೂ ವರ್ಡೆಲ್ಲೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು.

“ಏಳು ವರ್ಷಕ್ಕೊಮ್ಮೆ ಬರೋ ನೆಂಟನಿಗೆ ಅಂತ ಯಾರಾದ್ರೂ ದಿನಾ ಮಂಚ ಹಾಸಿಡ್ತಾರೇನ್ರೀ?” ಎಂದ. “ಬಂದ ದಿನ ಒಂದು ಚಾಪೆ ಹಾಸೋಣ. ಎರಡು ಸಲಿಕೆ ಮರಳು ಹಾಕೋಣ. ಮಧ್ಯಾಹ್ನದ ಊಟದೊಳಗೆ ಅವನೇ ಎದ್ದು ಹೋಗ್ತಾನೆ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಯಂತ್ರ ಟೆನೆಸ್ಸಿ ಕಡೆಯ ಯಾವುದೋ ಊರಿಗೆ ಹೋಯಿತು. ಓಥಾನ ಮಾತು ನಮ್ಮ ವಾರಪತ್ರಿಕೆಯಲ್ಲಿ ಅವನ ಫೋಟೋ ಸಮೇತ ಬಂತು. ವರ್ಡೆಲ್ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬಂದವರಿಗೆಲ್ಲ ತೋರಿಸಿ, “ನಮ್ಮನೆ ಯಜಮಾನ್ರು, ಪೇಪರಿನೋರು” ಎನ್ನುತ್ತಿದ್ದಳು. ಅವನು ನಾಚಿ ಹಿತ್ತಲಿಗೆ ಹೋಗುತ್ತಿದ್ದ.

ಅವನು ಹೇಳಿದ್ದು ತಪ್ಪೇ? ಈಗ ಎದೆಯ ಮೇಲೆ ಕೈಯಿಟ್ಟು ಕೇಳಿಕೊಂಡರೂ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದರ ಹಿಂದಿನ ವರ್ಷ ಆಳೆತ್ತರದ ಹುಲ್ಲಿಗೆ ತಿರುವು ಕಾಣದೆ ಶಾಲೆಯ ಬಸ್ಸಿಗೆ ಕಾರೊಂದು ಗುದ್ದಿ ಒಂದು ಹೆಣ್ಣುಮಗು ಸತ್ತಿತ್ತು. ಹೊಸ ಯಂತ್ರ ಬಂದ ಮೇಲೆ ಅಂಥದ್ದು ಒಂದೂ ಆಗಲಿಲ್ಲ. ಹುಲ್ಲು ನಮ್ಮಲ್ಲಿ ವರ್ಷಕ್ಕೆ ಎಂಟು ತಿಂಗಳು ಬೆಳೆಯುತ್ತದೆ. ಹಿಮ ಏಳು ವರ್ಷಕ್ಕೆ ಒಂದು ಬೆಳಗ್ಗೆ ಬೀಳುತ್ತದೆ.

ಆ ಜನವರಿಯ ಸೋಮವಾರ ಹವಾಮಾನದವರು ಬಾಯಿಬಿಟ್ಟದ್ದೇ ತಡ, ಊರಿಗೆ ಊರೇ ಅಂಗಡಿಗೆ ನುಗ್ಗಿತು. ಹಿಮ ಅಂದರೆ ನಮಗೆ ಹಾಲು, ಬ್ರೆಡ್ಡು ನೆನಪಾಗುತ್ತದೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ನಾನೂ ಒಬ್ಬಳನ್ನು ಮೊಣಕೈಯಲ್ಲಿ ತಳ್ಳಿ ಎರಡು ಕ್ಯಾನು ಹಾಲು ತಂದೆ. ಮಂಗಳವಾರ ಬೆಳಗ್ಗೆ ಏಳಕ್ಕೆ ಡಯಾಲಿಸಿಸ್ ಸೆಂಟರಿನಿಂದ ವರ್ಡೆಲ್‌ಗೆ ಫೋನು ಬಂತು: ಇವತ್ತು ಬಾಗಿಲು ತೆಗೆಯುವುದಿಲ್ಲ, ನರ್ಸುಗಳಿಗೆ ಬರಲಾಗುವುದಿಲ್ಲ, ಇವತ್ತಿನವರನ್ನು ನಾಳೆ ಬೆಳಗ್ಗೆ ಹಾಕಿಕೊಳ್ಳುತ್ತೇವೆ. ಅವಳು ನನಗೆ ಫೋನು ಮಾಡಿ, “ಇಮೋ, ಇವತ್ತು ಸೂಜಿ ಇಲ್ಲ ಕಣೇ! ರಜಾ!” ಎಂದು ಶಾಲೆಯ ಹುಡುಗಿಯ ಹಾಗೆ ಕಿರುಚಿದಳು. ನಾನೂ ಕುಣಿದೆ. ನಮ್ಮಿಬ್ಬರಿಗೂ ಒಂದಿಷ್ಟೂ ಭಯವಾಗಲಿಲ್ಲ. ಮಧ್ಯಾಹ್ನಕ್ಕೆ ಕರಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳಿದ್ದರು, ಅವ್ವಂದಿರು ಹೇಳಿದ್ದರು, ಯಾವಾಗಲೂ ಕರಗಿಯೂ ಇತ್ತು.

ಎಂಟಕ್ಕೆ ಮಳೆ ಬಂತು, ಒಂಬತ್ತಕ್ಕೆ ಮಂಜಿನ ಕಾಳು, ಹತ್ತಕ್ಕೆ ಹಿಮ. ಕೆಂಪು ಮಣ್ಣು, ಕೋಳಿಗೂಡು, ಓಥಾನ ಹಳೆಯ ಟ್ರ್ಯಾಕ್ಟರು ಎಲ್ಲ ಬೆಳ್ಳಗಾದವು. ಓಥಾ ಬೆಳಗಿನ ಜಾವವೇ ಲಾರಿಗೆ ಹೋಗಿದ್ದ. ನಾನು ದೊಡ್ಡ ಪಾತ್ರೆ ತೆಗೆದುಕೊಂಡು ಅಂಗಳಕ್ಕಿಳಿದೆ.

ಹಿಮ ಬಿದ್ದರೆ ನಾವು ಸ್ನೋ ಕ್ರೀಮು ಮಾಡದೆ ಬಿಡುವವರಲ್ಲ. ತಾಜಾ ಹಿಮ ಬಾಚಿ, ಹಾಲು ಸುರಿದು, ಸಕ್ಕರೆ ಹಾಕಿ, ಎರಡು ಹನಿ ವೆನಿಲ್ಲಾ ಬಿಟ್ಟು, ಕರಗುವ ಮೊದಲೇ ಕಲಸಿ ತಿನ್ನುವುದು. ಮೊದಲ ಹಿಮ ತಿನ್ನಬಾರದು, ಗಾಳಿಯ ಕೊಳೆಯೆಲ್ಲ ಅದರಲ್ಲಿರುತ್ತದೆ, ಎರಡನೆಯದು ಬೀಳುವವರೆಗೆ ಕಾಯಬೇಕು ಎಂದು ಹಳಬರು ಹೇಳುತ್ತಿದ್ದರು. ಎರಡನೆಯದಕ್ಕೆ ಕಾದಿದ್ದರೆ ನಮ್ಮೂರಲ್ಲಿ ಎಲ್ಲರೂ ಅದರ ರುಚಿ ನೋಡದೆಯೇ ಸಾಯುತ್ತಿದ್ದರು.

ಮಾರ್ಗರಿನ್ ಬೆಣ್ಣೆಯ ಖಾಲಿ ಹಳದಿ ಡಬ್ಬಿ ತೊಳೆದು, ಕಂಠಮಟ್ಟ ತುಂಬಿ, ಪಕ್ಕದಲ್ಲೇ ಇದ್ದ ವರ್ಡೆಲ್‌ಳ ಮನೆಗೆ ಒಯ್ದೆ. ಅವಳು ಜಗಲಿಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಡಬ್ಬಿ ನೋಡಿ ಕಣ್ಣರಳಿಸಿದಳು.

“ಅಯ್ಯೋ ಪಾಪಿ, ಇದ್ರಲ್ಲಿ ಹಾಲಿದೆ. ನೀರೂ ಇದೆ. ನನ್ನ ಕೊಲ್ಲಬೇಕು ಅಂತ ಬಂದ್ಯಾ?”

“ಒಂದು ಚಮಚ ತಿನ್ನು. ಏಳು ವರ್ಷ ಆಯ್ತಲ್ಲೇ. ಬೆಳಗ್ಗೆ ಮೆಷಿನ್ನು ಎಲ್ಲ ತೆಗೆದುಹಾಕುತ್ತೆ.”

“ಅದೂ ಸರಿಯೇ. ಮೆಷಿನ್ನಿಗೂ ಕೆಲ್ಸ ಬೇಕಲ್ವಾ? ಇಡು, ಸಂಜೆ ತಿನ್ತೀನಿ. ಈಗ ನೋಡ್ತಾ ಕೂತ್ಕೋಬೇಕು, ಅಷ್ಟೇ.”

ನೋಡುತ್ತಾ ಕೂತೆವು. ಅಷ್ಟರಲ್ಲಿ ವಾಲ್ಟ್ ಬ್ರೂಬೇಕರ್ ಬಂದ. ಎರಡು ವರ್ಷದ ಹಿಂದೆ ಉತ್ತರದ ಹಿಮದ ನಾಡು ಓಹಾಯೋದಲ್ಲಿ ನಿವೃತ್ತನಾಗಿ, ಬಿಸಿಲು ಬೇಕೆಂದು ನಮ್ಮ ರಸ್ತೆಯ ಕೊನೆಯಲ್ಲಿ ಮನೆ ತೆಗೆದುಕೊಂಡವನು. ಮೈಮೇಲೆ ತೆಳು ಅಂಗಿ, ಮುಖದ ತುಂಬ ನಗು.

“ಏನು ಮೇಡಂ, ಪ್ರಳಯ ಆಯ್ತಂತೆ? ಶಾಲೆ ಮುಚ್ಚಿದ್ರು, ಬ್ಯಾಂಕು ಮುಚ್ಚಿದ್ರು, ಸ್ಮಶಾನನೂ ಮುಚ್ಚಿದ್ರಾ? ನಮ್ಮಲ್ಲಿ ಇಷ್ಟು ಬಿದ್ರೆ ಭುಜ ಕೊಡವಿಕೊಂಡು ಕೆಲ್ಸಕ್ಕೆ ಹೋಗ್ತೀವಿ.”

“ನಿಮ್ಮಲ್ಲಿ ನೀವು ಏಳೋದ್ರೊಳಗೆ ಐವತ್ತು ಲಾರಿ ಉಪ್ಪು ಚೆಲ್ಲಿ ಹೋಗಿರ್ತಾವೆ” ಎಂದೆ. “ಇಲ್ಲಿ ಓಥಾ ಇದಾನೆ. ಅವನ ಹತ್ರ ಸಲಿಕೆ ಇದೆ. ಸುಮ್ನೆ ಕಾಫಿ ಕುಡಿದು ಹೋಗಿ.”

ಮಧ್ಯಾಹ್ನ ಬಿಸಿಲು ಬಂತು, ನಿಜ. ರಸ್ತೆಯ ಮೇಲಿನದು ಅರ್ಧ ಕರಗಿ ನೀರಾಯಿತು. ಮತ್ತೆ ಮೋಡ ಮುಚ್ಚಿ, ನಾಲ್ಕು ಗಂಟೆಗೆ ಉತ್ತರದ ಗಾಳಿ ಎದ್ದು, ಆ ನೀರು ಇದ್ದಲ್ಲೇ ಗಟ್ಟಿಯಾಯಿತು. ನಾವು ಕಿಟಕಿಯಿಂದ ನೋಡಿ, ಆಹಾ ಎಷ್ಟು ಹೊಳೆಯುತ್ತದೆ ಎಂದೆವು.

ಬುಧವಾರ ಬೆಳಗ್ಗೆ ಸೆಂಟರಿನವರು ಮತ್ತೆ ಫೋನು ಮಾಡಿದರು. ಇವತ್ತೂ ಇಲ್ಲ. ಗುರುವಾರ ಖಂಡಿತ. ವಾಲ್ಟ್ ಅದನ್ನು ಕೇಳಿ, “ನನ್ನ ಜೀಪಲ್ಲಿ ನೇರ ಪಟ್ಟಣದ ಆಸ್ಪತ್ರೆಗೇ ಕರ್ಕೊಂಡು ಹೋಗ್ತೀನಿ, ಒಂದು ಸಲ ದಾರಿ ನೋಡ್ಕೊಂಡು ಬರ್ತೀನಿ” ಎಂದು ಹೊರಟ. ನಮ್ಮ ರಸ್ತೆಯಿಂದ ಹೆದ್ದಾರಿಗೆ ಹೋಗಲು ಬಜರ್ಡ್ ದಿಣ್ಣೆ ಇಳಿಯಲೇಬೇಕು, ಬೇರೆ ದಾರಿಯಿಲ್ಲ. ಅರ್ಧ ಗಂಟೆಯಲ್ಲಿ ನಡೆದುಕೊಂಡು ವಾಪಸು ಬಂದ. ಪ್ಯಾಂಟು ಮೊಣಕಾಲಲ್ಲಿ ಹರಿದಿತ್ತು. ಜೀಪು ದಿಣ್ಣೆಯ ತಿರುವಿನ ಚರಂಡಿಯಲ್ಲಿ ಮಲಗಿತ್ತು. ನಗು ಇರಲಿಲ್ಲ.

“ಇದು ಹಿಮ ಅಲ್ಲ ಮೇಡಂ” ಎಂದ. “ಇದು ಗಾಜು. ನಾಲ್ಕು ಚಕ್ರನೂ ಎಳೆದ್ರೂ ಅಷ್ಟೇ, ನಲವತ್ತು ಎಳೆದ್ರೂ ಅಷ್ಟೇ. ಉಪ್ಪಿಲ್ದೆ ನಮ್ಮೋರೂ ಇದ್ರ ಮೇಲೆ ಹೆಜ್ಜೆ ಇಡಲ್ಲ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವನನ್ನು ಒಂದು ವಾರ ಗೋಳುಹೊಯ್ದುಕೊಳ್ಳುತ್ತಿದ್ದೆ. ಆದರೆ ಆಗಲೇ ವರ್ಡೆಲ್‌ಳ ಕಣ್ಣಿನ ಕೆಳಗೆ ಊತ ಬಂದಿತ್ತು. ಉಂಗುರ ಬೆರಳಲ್ಲಿ ಹೂತುಹೋಗಿತ್ತು.

“ಆ ಡಬ್ಬಿ ಏನಾಯ್ತೇ?” ಎಂದು ಹೆದರುತ್ತಲೇ ಕೇಳಿದೆ.

“ತಿಂದೆನಮ್ಮಾ. ತಳ ಕೆರೆದು ತಿಂದೆ. ನಮ್ಮವ್ವ ಮಾಡಿದ ಹಾಗೇ ಇತ್ತು” ಎಂದು ನಕ್ಕಳು.

ಓಥಾ ಸಂಜೆ ನಾಲ್ಕು ಮೈಲಿ ಗದ್ದೆ, ಬೇಲಿ ಹಾದು ನಡೆದು ಬಂದ. ಮೀಸೆಯಲ್ಲಿ ಮಂಜು ಕಟ್ಟಿತ್ತು. ಅಂಗೈ ಬೊಬ್ಬೆ ಒಡೆದು ರಕ್ತ. ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಹೇಳಿದ. ಇಲಾಖೆಯ ಅಂಗಳದಲ್ಲಿ ಮರಳಿನ ರಾಶಿ ಇತ್ತು, ಸರಿ. ಆದರೆ ಅದಕ್ಕೆ ಎಂದೂ ಯಾರೂ ಟಾರ್ಪಾಲು ಹೊದಿಸಿದವರಲ್ಲ, ಯಾಕೆ ಹೊದಿಸಬೇಕು? ಮಂಗಳವಾರದ ಮಳೆ ಕುಡಿದು ರಾಶಿಗೆ ರಾಶಿಯೇ ಒಂದು ಬಂಡೆಯಾಗಿ ನಿಂತಿತ್ತು. ಅದನ್ನು ಗುದ್ದಲಿಯಲ್ಲಿ ಒಡೆದು, ಹೆಂಟೆಗಳನ್ನು ಲಾರಿಗೆ ತುಂಬಿ, ಲಾರಿಯ ಹಿಂದೆ ನಿಂತು ಸಲಿಕೆಯಲ್ಲಿ ಎರಚುವುದು. ಹೆಂಟೆ ಮಂಜಿಗೆ ಅಂಟುವುದಿಲ್ಲ, ಗೋಲಿಯ ಹಾಗೆ ಉರುಳಿ ಚರಂಡಿಗೆ ಹೋಗುತ್ತದೆ.

“ಮರಳು ಹಾಕೋ ಪಟ್ಟಿಯಲ್ಲಿ ನಮ್ಮ ದಿಣ್ಣೆ ಎಷ್ಟನೇದು?” ಎಂದು ಕೇಳಿದೆ.

“ನಲವತ್ತೊಂದು.”

“ಈಗ ಎಷ್ಟರಲ್ಲಿದೀರಿ?”

“ಆರು.”

“ಪಟ್ಟಿ ಬರೆದ ಪುಣ್ಯಾತ್ಮ ಯಾರೋ?” ಎಂದು ಸಿಡುಕಿದೆ. ಕೇಳಬಾರದಿತ್ತು. ಪಟ್ಟಿ ಬರೆದವನು ಅವನೇ. ಮೊದಲು ಆಸ್ಪತ್ರೆಯ ಸೇತುವೆ, ಆಮೇಲೆ ಹೆದ್ದಾರಿಯ ಸೇತುವೆಗಳು, ಕರೆಂಟಿನ ಸ್ಟೇಷನ್ನು. ಹನ್ನೆರಡು ಮನೆಯ ರಸ್ತೆಯನ್ನು ಯಾವ ನ್ಯಾಯಸ್ಥ ಮೇಲೆ ಬರೆಯುತ್ತಾನೆ?

“ನಾಳೆ ಲಾರಿ ತಗೊಂಡು ಇಲ್ಲಿಗೇ ಬರ್ತೀನಿ ವರ್ಡೆಲ್” ಎಂದ ಓಥಾ. “ಕೆಲ್ಸ ಹೋದ್ರೆ ಹೋಗ್ಲಿ.”

“ಬಂದ್ಯೋ ನೋಡು!” ಎಂದಳು ಅವಳು. ಉಸಿರಿಗೆ ನಡುವೆ ನಡುವೆ ನಿಲ್ಲುತ್ತಿದ್ದಳು. “ಆಸ್ಪತ್ರೆ ಸೇತುವೆ ಮೇಲೆ ಯಾವಳೋ ಬಸುರಿ ಜಾರಿ ಬಿದ್ರೆ, ಭಾನುವಾರ ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಕೂರ್ತೀಯ? ನಾನೇನು ಇವತ್ತೇ ಸಾಯ್ತೀನಾ? ನಾಳೆ ಕರಗುತ್ತೆ.”

ಗುರುವಾರ ಕರಗಲಿಲ್ಲ. ಅವಳು ಮಲಗಲಾರದೆ ಕುರ್ಚಿಯಲ್ಲೇ ಬೆಳಗು ಮಾಡಿದ್ದಳು. ಕಾಲು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಎದೆಯಲ್ಲಿ ಗೊರಗೊರ. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಪಾಪ, ಬಂದರು, ಹತ್ತು ಗಂಟೆಗೆ ದಿಣ್ಣೆಯ ಬುಡಕ್ಕೆ ಬಂದು ನಿಂತರು. ಮೂರು ಸಲ ಹತ್ತಲು ನೋಡಿ ಮೂರು ಸಲವೂ ಅಡ್ಡಡ್ಡ ಜಾರಿ ಕೆಳಗೆ ಬಂದರು. ಹೆಲಿಕಾಪ್ಟರ್ ಹಾರಲಾರದಷ್ಟು ಮೋಡ ಕೆಳಗಿಳಿದಿತ್ತು.

ಓಥಾಗೆ ಸುದ್ದಿ ಮುಟ್ಟಿ, ಮಣ್ಣು ರಸ್ತೆ ಸಮ ಮಾಡುವ ಗ್ರೇಡರ್ ತೆಗೆದುಕೊಂಡು ಬಂದ. ಸರಪಳಿ ಸುತ್ತಿದ ಚಕ್ರ, ಹತ್ತು ಅಡಿ ಅಗಲದ ಉಕ್ಕಿನ ಅಲಗು. ಕೆಳಗಿನಿಂದ ತೆವಳಿ ತೆವಳಿ ದಿಣ್ಣೆ ಹತ್ತಿಸಿದ. ಇನ್ನೇನು ದಾರಿ ಆಯಿತು ಎಂದು ನಾನು ದೇವರಿಗೆ ಕೈ ಮುಗಿದೆ. ಆದರೆ ಅಲಗು ಮೇಲಿನ ಹಿಮದ ಪುಡಿಯನ್ನಷ್ಟೇ ಕೆರೆದು ಹಾಕಿತ್ತು. ಅಡಿಯ ಮಂಜುಗಡ್ಡೆ ಒರೆಸಿದ ಕನ್ನಡಿಯ ಹಾಗೆ ಬಿಚ್ಚಿಕೊಂಡಿತ್ತು. ಮೊದಲು ಕಾಲೂರಲು ಇದ್ದ ಅಷ್ಟಿಷ್ಟು ಒರಟೂ ಹೋಯಿತು. ನೆಲದ ಗುಣ ಬೆರಳಲ್ಲಿ ಓದುವವನು, ಮೂವತ್ನಾಲ್ಕು ವರ್ಷ ರಸ್ತೆ ತಿದ್ದಿದವನು, ಆ ದಿನ ಇರುವ ದಾರಿಯನ್ನೂ ಕೆಡಿಸಿದ. ಮಂಜಿನ ಮೇಲೆ ಗ್ರೇಡರ್ ಓಡಿಸಿ ಅವನಿಗೆ ಅಭ್ಯಾಸವಾದರೂ ಎಲ್ಲಿಂದ ಬರಬೇಕು?

ಗ್ರೇಡರಿನಿಂದ ಇಳಿದು ಅದನ್ನು ನೋಡಿದ. ಇನ್ನು ಆ ಗ್ರೇಡರನ್ನೇ ಇಳಿಸಿದರೂ ಜಾರಿ ಆಂಬುಲೆನ್ಸಿನ ಮೇಲೆ ಹೋಗುವಂತಿತ್ತು. “ಕುರ್ಚಿ ತನ್ನಿ” ಎಂದ.

ಅಡುಗೆಮನೆಯ ಮರದ ಕುರ್ಚಿಯಲ್ಲಿ ವರ್ಡೆಲ್‌ಳನ್ನು ಕೂರಿಸಿ, ಎರಡು ರಜಾಯಿ ಸುತ್ತಿ, ಹಗ್ಗ ಬಿಗಿದರು. ಓಥಾ ಒಂದು ಕಡೆ, ವಾಲ್ಟ್ ಒಂದು ಕಡೆ. ನಾನು ಮುಂದೆ ಮುಂದೆ ಒಲೆಯ ಬೂದಿ, ಕೋಳಿಗೂಡಿನ ಹೊಟ್ಟು, ಕೊನೆಗೆ ಜೋಳದ ಹಿಟ್ಟಿನ ಚೀಲವನ್ನೂ ಹರಿದು ಎರಚುತ್ತಾ ಹಿಂದೆ ಹಿಂದಕ್ಕೆ ಇಳಿದೆ. ಕಾಲು ಮೈಲಿ ಇಳಿಜಾರು. ಕೆಳಗೆ ಆಂಬುಲೆನ್ಸಿನ ಕೆಂಪು ದೀಪ ತಿರುಗುವುದು ಕಾಣುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕುರ್ಚಿ ಕೆಳಗಿಡಬೇಕು. ವಾಲ್ಟ್ ಎರಡು ಸಲ ಬಿದ್ದ, ಎರಡು ಸಲವೂ ಕುರ್ಚಿ ಬಿಡದೆ ಬಿದ್ದ. ಅವನಿಗೆ ಅರವತ್ತೊಂಬತ್ತು ವರ್ಷ, ಹೃದಯಕ್ಕೆ ಆಪರೇಷನ್ ಆಗಿದೆ ಎಂದು ಆಮೇಲೆ ಗೊತ್ತಾಯಿತು.

ಅರ್ಧ ದಾರಿಯಲ್ಲಿ ವರ್ಡೆಲ್ ಕೈಯೆತ್ತಿದಳು. ಇಳಿಸಿದರು.

“ಓಥಾ” ಎಂದಳು. “ಮನೆಗ್ ಹೋದ್ಮೇಲೆ... ಏನಾದ್ರೂ ತಿನ್ನು. ನಿಂಗೆ ಅಂತ ಇಟ್ಟಿದೀನಿ.”

“ಮಾತಾಡ್ಬೇಡ್ವೇ. ಇನ್ನೊಂದಿಷ್ಟೇ ದೂರ. ಅದೋ, ಕಾಣ್ತಿದೆ ನೋಡು.”

ಅವಳು ಆ ಕಡೆ ನೋಡಲಿಲ್ಲ. ಅವನ ಕೈಯ ಬೊಬ್ಬೆಗಳನ್ನು ನೋಡುತ್ತಿದ್ದಳು. ತಲೆ ಮೆಲ್ಲಗೆ ರಜಾಯಿಯ ಮೇಲೆ ವಾಲಿತು. ಓಥಾ ಅವಳ ಕೆನ್ನೆ ತಟ್ಟಿದ, ಹೆಸರು ಕರೆದ, ಮತ್ತೆ ತಟ್ಟಿದ. ಆಂಬುಲೆನ್ಸಿನ ಹುಡುಗಿ ಚೀಲ ಕಟ್ಟಿಕೊಂಡು ಕೈಕಾಲು ಊರಿ ದಿಣ್ಣೆ ಹತ್ತಿ ಬಂದು, ಅಲ್ಲೇ ಮಂಜಿನ ಮೇಲೆ ಮಲಗಿಸಿ ಎದೆ ಒತ್ತಿದಳು. ಇಪ್ಪತ್ತು ನಿಮಿಷ ಒತ್ತಿದಳು. ಅವಳೂ ಅಳುತ್ತಿದ್ದಳು.

ಒಂದು ಗಂಟೆಗೆ ಮೋಡ ಸರಿದು ಬಿಸಿಲು ಬಿತ್ತು. ಮೂರು ಗಂಟೆಯ ಹೊತ್ತಿಗೆ ಬಜರ್ಡ್ ದಿಣ್ಣೆಯ ಮೇಲೆ ನೀರು ಹರಿಯುತ್ತಿತ್ತು, ಟಾರು ಕಪ್ಪಗೆ ಕಾಣುತ್ತಿತ್ತು, ಪೋಸ್ಟಿನವನ ಗಾಡಿ ಸರಾಗವಾಗಿ ಹತ್ತಿ ಬಂತು. ಆ ಗಾಡಿಯನ್ನು ನೋಡಿ ನಾನು ಬೀದಿಯಲ್ಲಿ ನಿಂತು ದೇವರನ್ನು ಬಾಯಿಗೆ ಬಂದ ಹಾಗೆ ಬೈದೆ. ಮಣ್ಣು ಮಾಡಿದ ಸೋಮವಾರ ಜನ ತೋಳಿಲ್ಲದ ಅಂಗಿಯಲ್ಲಿ ಬಂದಿದ್ದರು. ಮಕ್ಕಳು ಸಮಾಧಿಯ ಪಕ್ಕದ ಹುಲ್ಲಿನಲ್ಲಿ ಬರಿಗಾಲಲ್ಲಿ ಓಡಾಡಿದವು.

ಮಾರ್ಚ್ ತಿಂಗಳ ಕೌಂಟಿ ಸಭೆಯಲ್ಲಿ ಉಪ್ಪಿನ ಯಂತ್ರದ ಮಾತು ಮತ್ತೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ ನಮ್ಮವರಿಗೆ ಚೆನ್ನಾಗಿದೆ. ಅಧ್ಯಕ್ಷರು ತಗ್ಗಿದ ದನಿಯಲ್ಲಿ, “ಓಥಾ, ನಿನ್ನ ಅಭಿಪ್ರಾಯ ಏನಪ್ಪಾ?” ಎಂದು ಕೇಳಿದರು. ಓಥಾ ಟೋಪಿ ಕೈಲಿ ಹಿಡಿದು ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ, ಕೂತುಬಿಟ್ಟ. ವಿಷಯವನ್ನು ಮುಂದಕ್ಕೆ ಹಾಕಿದರು. ಏಪ್ರಿಲಿನಲ್ಲಿ ಹುಲ್ಲು ಎದ್ದಿತು. ಅವನು ಮತ್ತೆ ಅದೇ ಹುಲ್ಲಿನ ಯಂತ್ರ ಹತ್ತಿ ಕೂತ. ಊರಿನಲ್ಲಿ ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೋ ಏನೋ. ನೆಂಟ, ಚಾಪೆ, ಮಂಚ ಎಂಬ ಪದಗಳನ್ನೇ ಜನ ಅವನ ಮುಂದೆ ಬಾಯಿಗೆ ತರುತ್ತಿರಲಿಲ್ಲ.

ನನ್ನ ಪಾಡು ಬೇರೆಯೇ. ನಾಲ್ಕು ತಿಂಗಳು ಆ ಹಳದಿ ಡಬ್ಬಿ ನನ್ನನ್ನು ತಿಂದುಹಾಕಿತು. ತಳ ಕೆರೆದು ತಿಂದೆ ಎಂದಿದ್ದಳಲ್ಲ. ಒಂದು ಡಬ್ಬಿ ಹಾಲು, ಒಂದು ಡಬ್ಬಿ ನೀರು, ನಾಲ್ಕು ಲೋಟದ ಹೆಂಗಸಿಗೆ! ಇವನು ರಸ್ತೆಯನ್ನು ಎದೆಯ ಮೇಲೆ ಹೊತ್ತು ತಿರುಗುತ್ತಾನೆ, ಕೊಂದವಳು ನಾನು ಪಕ್ಕದ ಮನೆಯಲ್ಲಿ ಸುಮ್ಮನಿದ್ದೇನೆ. ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ತಡೆಯಲಾರದೆ ಅವನ ಮನೆಗೆ ಹೋದೆ.

ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದ. ಫ್ರಿಜ್ಜಿನ ಬಾಗಿಲ ಮೇಲೆ ಪತ್ರಿಕೆಯ ಆ ಚೂರು, ಅವನ ನಗುವ ಫೋಟೋ, ಇನ್ನೂ ಹಾಗೇ ಇತ್ತು.

“ಅದನ್ನ ಕಿತ್ತು ಹಾಕೋ ಮಾರಾಯ” ಎಂದೆ.

“ಅವಳು ಹಾಕಿದ್ದಲ್ವಾ ಅಕ್ಕ” ಎಂದ.

ನಿಂತಲ್ಲೇ ಎಲ್ಲ ಹೇಳಿದೆ. ಡಬ್ಬಿ, ಹಾಲು, ಬೆಳಗ್ಗೆ ಮೆಷಿನ್ನು ತೆಗೆದುಹಾಕುತ್ತೆ ಎಂದ ನನ್ನ ಮಾತು, ಅವಳು ತಳ ಕೆರೆದು ತಿಂದದ್ದು. “ನಿನ್ನ ರಸ್ತೆ ಅಲ್ಲ ಕಣೋ ಅವಳನ್ನ ತಗೊಂಡಿದ್ದು. ನಾನು. ಈ ಕೈ. ನಿಂಗೆ ಏನು ಅನ್ಬೇಕೋ ಅಂದುಬಿಡು” ಎಂದು ಅತ್ತೆ.

ಅವನು ತಲೆಯೆತ್ತಿದ. ಜನವರಿಯಿಂದ ಸತ್ತಂತಿದ್ದ ಮುಖದಲ್ಲಿ ಏನೋ ಅಲುಗಿತು. ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ಆಸೆ. ಹಾಗೆ ಹೇಳಲು ನನಗೇ ನಾಚಿಕೆಯಾಗುತ್ತದೆ, ಆದರೆ ಅದು ಆಸೆಯೇ.

“ಪೂರ್ತಿ ಡಬ್ಬಿನಾ?” ಎಂದ.

“ಪೂರ್ತಿ. ಅವಳೇ ಹೇಳಿದ್ಲು.”

“ಹಾಗಾದ್ರೆ... ಬುಧವಾರ ದಾರಿ ಇದ್ದಿದ್ರೂ... ಅಷ್ಟು ಹಾಲು ಒಳಗೆ ಹೋದ್ಮೇಲೆ...” ಮಾತು ಮುಗಿಸಲಿಲ್ಲ. ಮುಖ ಒರೆಸಿಕೊಂಡ. “ಅಳ್ಬೇಡ ಅಕ್ಕ. ನೀನು ಪ್ರೀತಿಯಿಂದ ಕೊಟ್ಟಿದ್ದು. ನಿನ್ನ ಮೇಲೆ ನಂಗೇನೂ ಇಲ್ಲ, ದೇವರಾಣೆ. ಕೂತ್ಕೋ. ಸೆಕೆ. ಟೀ ಕುಡಿ.”

ನಮ್ಮ ಕಡೆ ಟೀ ಅಂದರೆ ತಣ್ಣಗೆ ಸಿಹಿಯಾಗಿ, ಲೋಟದ ತುಂಬ ಐಸು ಹಾಕಿ ಕುಡಿಯುವುದು. ಅವನೊಬ್ಬನೇ ಇದ್ದಾಗ ಬರಿಯ ನಲ್ಲಿ ನೀರು ಕುಡಿಯುತ್ತಿದ್ದ. ಆ ಜನವರಿಯ ನಂತರ ಅವನ ಕೈ ಐಸು ಮುಟ್ಟಿರಲಿಲ್ಲ. ನನಗೋಸ್ಕರ ಎದ್ದು, ಫ್ರಿಜ್ಜಿನ ಮೇಲಿನ ಬಾಗಿಲು ತೆರೆದ. ಬಟಾಣಿಯ ಚೀಲ ಸರಿಸಿ, ಐಸಿನ ತಟ್ಟೆಗೆ ಕೈ ಹಾಕಿ, ಹಾಗೇ ನಿಂತ.

ಚೀಲದ ಹಿಂದೆ ಹಳದಿ ಡಬ್ಬಿ ಇತ್ತು.

ಮುಚ್ಚಳದ ಮೇಲೆ ಅಂಟುಪಟ್ಟಿ. ಅದರ ಮೇಲೆ ಶಾಲೆಯ ಅಡುಗೆಮನೆಯ ಡಬ್ಬಗಳಿಗೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ: ‘ಓಥಾಗೆ. ಬೇರೆ ಯಾರೂ ಮುಟ್ಟಬೇಡಿ.’ ಆ ಮನೆಯಲ್ಲಿ ಇದ್ದದ್ದೇ ಇಬ್ಬರು.

ಅವನು ಮುಚ್ಚಳ ತೆಗೆದ. ಕಂಠಮಟ್ಟ ತುಂಬಿತ್ತು, ನಾನು ತುಂಬಿದ ಹಾಗೇ. ಒಂದು ಅಂಚಿನಲ್ಲಿ ಮಾತ್ರ ಒಂದೇ ಒಂದು ಚಮಚದ ಗುರುತು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳು ಯಾಕೆ ಹೇಳಲಿ, ಇಳಿಯಿತು, ಅದೇ ಕ್ಷಣ. ಅದು ಎಲ್ಲಿ ಹೋಗಿ ಬಿತ್ತು ಎಂದು ತಲೆಯೆತ್ತಿ ನೋಡಿದಾಗ ಕಂಡಿತು. ನನ್ನ ಬಾಯಿ ಸುಟ್ಟುಹೋಗಬಾರದಿತ್ತೇ. ಅವನ ಪಾಡಿಗೆ ಅವನನ್ನು ಬಿಟ್ಟಿದ್ದರೆ ಇದ್ದ ದುಃಖ ಇರುತ್ತಿತ್ತು. ನಾನು ಹೋಗಿ ಐದು ನಿಮಿಷ ಬಿಡುಗಡೆಯ ರುಚಿ ತೋರಿಸಿ, ಕಿತ್ತುಕೊಂಡು ಬಂದೆ.

ಓಥಾ ಮುಚ್ಚಳ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟ. ಬಟಾಣಿಯ ಚೀಲ ಅದರ ಮುಂದೆ ಸರಿಸಿದ. ಐಸಿನ ತಟ್ಟೆ ತಿರುಚಿ, ನನ್ನ ಲೋಟಕ್ಕೆ ನಾಲ್ಕು ತುಂಡು ಹಾಕಿ, ಟೀ ಸುರಿದು ಮುಂದಿಟ್ಟ.

“ರಸ್ತೆಯೇ ಅಕ್ಕ” ಎಂದ. “ಕುಡಿ, ಐಸು ಕರಗುತ್ತೆ.”